ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಹಠಾತ್ ಸಾವಿನ ಸುದ್ದಿಗಳಲ್ಲಿ ಹೃದಯಾಘಾತ, ಹೃದಯಸ್ತಂಭನ, ಹೃದಯ ವೈಫಲ್ಯ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸಲಾಗುತ್ತಿದೆ. ಇದು ಬರಿಯ ಭಾಷಾದೋಷವಲ್ಲ. ಒಂದೊಂದಕ್ಕೂ ಮಾಡಬೇಕಾದ ಉಪಚಾರ ಬೇರೆಯಾಗಿರುವುದರಿಂದ ಈ ಗೊಂದಲ ಜೀವಕ್ಕೇ ಎರವಾಗಬಹುದು.

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ಕೊರೊನರಿ ನಾಳಗಳ ಒಳಗೋಡೆಯಲ್ಲಿ ಕೊಬ್ಬಿನ ಪದರ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ನಾಳ ಕಿರಿದಾದಾಗ, ಶ್ರಮಪಟ್ಟರೆ ಕಾಣಿಸಿಕೊಂಡು ವಿಶ್ರಮಿಸಿದರೆ ತಗ್ಗುವ ಎದೆನೋವೇ ಆಂಜೈನಾ. ಆ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ ಆಗುವುದು ಹೃದಯಾಘಾತ. ನಾಳವನ್ನು ಅಷ್ಟೇನೂ ಕಿರಿದಾಗಿಸದ ಸಣ್ಣ ಪದರವೂ ಹೀಗೆ ಬಿರಿಯಬಲ್ಲದು ಎಂಬುದನ್ನು, ಮುಖ್ಯವಾಗಿ ನಾಳ ಕಿರಿದಾಗಿರುವುದನ್ನಷ್ಟೇ ಸೂಚಿಸುವ, ಹಿಂದೆ ಮಾಡಿಸಿದ ಟ್ರೆಡ್‌ಮಿಲ್ ಪರೀಕ್ಷೆಯನ್ನೇ ನಂಬಿ ನಿಶ್ಚಿಂತರಾಗಿರುವವರು ಗಮನಿಸಬೇಕು. ಮಧುಮೇಹಿಗಳು, ವೃದ್ಧರು ಹಾಗೂ ಮಹಿಳೆಯರಲ್ಲಿ ಎದೆನೋವಿಲ್ಲದೆ ಉಸಿರಾಟದ ತೊಂದರೆ, ವಾಕರಿಕೆ, ತೀವ್ರ ಸುಸ್ತು ಮಾತ್ರ ಕಾಣಿಸಬಹುದು. ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿ ಗಂಟೆಗಟ್ಟಲೆ ಕಾಯುವುದೇ ನನಗೆ ಅತ್ಯಂತ ನೋವು ತರುವ ಸಂಗತಿ, ಏಕೆಂದರೆ ಆ ಹೊತ್ತಿನಲ್ಲಿ ಸತ್ತ ಸ್ನಾಯು ಮತ್ತೆ ಚೇತರಿಸಿಕೊಳ್ಳುವುದಿಲ್ಲ.

ಹೃದಯ ವೈಫಲ್ಯವೆಂದರೆ ರಕ್ತವನ್ನು ಪಂಪ್ ಮಾಡುವ ಶಕ್ತಿ ಕುಂದುವುದು, ಬಡಿತ ನಿಲ್ಲುವುದಲ್ಲ.

ಹೃದಯಸ್ತಂಭನದಲ್ಲಾದರೋ ಹೃದಯದ ಬಡಿತವೇ ಹಠಾತ್ತನೆ ನಿಂತು ವ್ಯಕ್ತಿ ಕುಸಿದು ಪ್ರಜ್ಞೆ ತಪ್ಪುತ್ತಾನೆ, ಸಹಜ ಉಸಿರಾಟ ಇರುವುದಿಲ್ಲ. ಆಗ ಆಂಬುಲೆನ್ಸ್‌ಗೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ತಾವು ಇಂತಹ ಸುದ್ದಿಗಳಲ್ಲಿ ಸರಿಯಾದ ಪದವನ್ನೇ ಬಳಸಿ, ಜೊತೆಗೆ ಈ ಕ್ರಮವನ್ನೂ ನಾಲ್ಕು ಸಾಲಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ