ಪುಟ್ಟ ರೈಲಿಗೂ ಬೆಳಕು, ಸದ್ದು ಬೇಕು

ಸಂಪಾದಕರೇ,

ಮಾದರಿ ರೈಲಿನ ಬಗ್ಗೆ ಪುರವಣಿಯ ಲೇಖನ ಚೆನ್ನಾಗಿತ್ತು. ಆದರೆ ಬೆಳಕು, ಸದ್ದಿನ ವಿಷಯ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನನ್ನಂಥವರಿಗೆ ಮಜಾ ಇರುವುದೇ ಅಲ್ಲಿ!

ತೆಳು ಪ್ಲಾಸ್ಟಿಕ್ ಮನೆಯೊಳಗೆ ಸುಮ್ನೆ ಎಲ್‌ಇಡಿ ಇಟ್ಟರೆ ಗೋಡೆಯೇ ಲಾಟೀನಿನಂತೆ ಹೊಳೆಯುತ್ತದೆ. ಮೊದಲು ಒಳಗೋಡೆಗೆ ಕಪ್ಪು ಬಣ್ಣ ಬಳಿಯಬೇಕು. 12 ವೋಲ್ಟ್ ಡಿಸಿಗೆ 1 ಕಿಲೋಓಮ್ ರೆಸಿಸ್ಟರ್ (ಕರೆಂಟಿನ ಹರಿವು ತಗ್ಗಿಸುವ ಪುಟ್ಟ ಬಿಡಿಭಾಗ) ಹಾಕಿದರೆ ಬೆಳಕು ಹದವಾಗಿರುತ್ತದೆ. ಒಂದೆರಡು ಕಿಟಕಿ ಕತ್ತಲಾಗಿಯೇ ಇರಲಿ. ರಾತ್ರಿ ಊರಲ್ಲಿ ಎಲ್ಲರೂ ಎದ್ದಿರುತ್ತಾರಾ?

ಎರಡು ಸಿಲಿಂಡರಿನ ಉಗಿ ಎಂಜಿನ್ ಚಕ್ರದ ಒಂದು ಸುತ್ತಿಗೆ 4 ಸಲ 'ಛುಕ್' ಎನ್ನಬೇಕು. ಲೆಕ್ಕ ತಪ್ಪಿದರೆ ಕಣ್ಣಿಗೂ ಕಿವಿಗೂ ಜಗಳ. ಸ್ಪೀಕರಿನ ಹಿಂದೆ ಮುಚ್ಚಿದ ಪುಟ್ಟ ಡಬ್ಬಿ ಇರದಿದ್ದರೆ ಸದ್ದು ತೆಳುವಾಗುತ್ತದೆ. ವಾಲ್ಯೂಮ್ ಮಾತ್ರ ಜಾಸ್ತಿ ಬೇಡ. ನಿಜವಾದ ರೈಲಿನ 87ನೇ ಒಂದು ಪಾಲಿನ ಎಂಜಿನ್ ಇಡೀ ಮನೆ ನಡುಗಿಸಿದರೆ ತಮಾಷೆ ಅಲ್ವಾ?

– ಒಬ್ಬ ರೈಲು ಹುಚ್ಚ