ಪ್ಲಾಟ್ ತಗೊಳ್ಳುವ ಮೊದಲು ಒಮ್ಮೆ ಬಂದು ಹೋಗು

ಪ್ರೀತಿಯ ದೋಸ್ತಾ,

ನೀನು ಕಳಿಸಿದ ಬಣ್ಣದ ಬ್ರೋಷರ್ ನೋಡಿದೆ. ಅಗಲವಾದ ರಸ್ತೆ, ಎರಡೂ ಕಡೆ ಗಿಡ, ನಡುವೆ ಪಾರ್ಕ್, ಮೂಲೆಗೊಂದು ಗುಡಿ, ಮುಂದೆ ದೊಡ್ಡ ಕಮಾನು. "ನಮ್ಮ ಪುಣೆಯ ಮಗರಪಟ್ಟಾ ಇದ್ದ ಹಾಗೇ ಇರುತ್ತದೆ ಅಂತಿದ್ದಾರೆ, ತಗೊಳ್ಳಲಾ?" ಎಂದು ಕೇಳಿದ್ದೀಯ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರು ಬಿಟ್ಟು ದೂರ ಇರುವ ನಮ್ಮವರು ಬಹಳ ಜನ ಇದನ್ನೇ ಕೇಳುತ್ತಾರೆ. ಅವರೂ ಓದಲಿ ಎಂದು ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ನಾನು ಕಲಬುರಗಿಯ ಬ್ರಹ್ಮಪುರದ ಮನೆ ಬಿಟ್ಟು ಸೇಡಂ ರಸ್ತೆಯ ಈ ಲೇಔಟಿಗೆ ಬಂದು ಆರು ವರ್ಷವಾಯಿತು. ಅಣ್ಣತಮ್ಮಂದಿರ ಪಾಲಾದ ಮೇಲೆ ಹಳೆ ಮನೆಯಲ್ಲಿ ನನಗೆ ಉಳಿದದ್ದು ಒಂದೂವರೆ ಕೋಣೆ. ಗಲ್ಲಿಯಲ್ಲಿ ಗಾಡಿ ನಿಲ್ಲಿಸಲೂ ಜಾಗ ಇರಲಿಲ್ಲ, ನಿನಗೆ ಗೊತ್ತೇ ಇದೆ. ಇಲ್ಲಿ ಒಟ್ಟು 212 ಪ್ಲಾಟ್. ಮನೆ ಎದ್ದಿರುವುದು 31. ನಿನಗೆ ಸರಿಯಾಗಿ ಹೇಳಬೇಕೆಂದು ನಿನ್ನೆ ಸಂಜೆ ತಿರುಗಾಡಿ ಎಣಿಸಿದೆ.

ಉಳಿದವು ಮಾರಾಟವಾಗಿಲ್ಲ ಅಂದುಕೊಳ್ಳಬೇಡ. ಎಲ್ಲವೂ ಮಾರಿಹೋಗಿವೆ, ಮೊದಲ ಎರಡು ವರ್ಷದಲ್ಲೇ. ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ, ನಿಮ್ಮ ಪುಣೆಯಲ್ಲಿ ಇರುವ ನಮ್ಮ ಕಡೆಯವರೇ ತಗೊಂಡಿದ್ದಾರೆ. 2019ರ ನವೆಂಬರಿನಲ್ಲಿ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಶುರುವಾಯಿತಲ್ಲ, ಆಮೇಲೆ ಈ ರಸ್ತೆಯ ತೊಗರಿ ಹೊಲಗಳಲ್ಲೆಲ್ಲ ಕಲ್ಲು ನೆಟ್ಟರು. ಬೆಲೆ ಏರುತ್ತದೆ, ಆಮೇಲೆ ಮಾರೋಣ ಅಂತ ಹಣ ಹಾಕಿದವರೇ ಜಾಸ್ತಿ. ಪ್ಲಾಟಿನ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಒಂದು ತಗಡಿನ ಫಲಕ, ಅದರ ಮೇಲೆ ಫೋನ್ ನಂಬರ್. ಒಳಗೆ ಬಳ್ಳಾರಿ ಜಾಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ನನ್ನ ತಲೆಗಿಂತ ಎತ್ತರ ಬೆಳೆದಿರುತ್ತದೆ. ಹೋದ ವರ್ಷ ನಮ್ಮ ಅಡುಗೆಮನೆ ಹಿಂದಿನ ಬಾಗಿಲಲ್ಲೇ ಹಾವು ಸಿಕ್ಕಿತು.

ಖಾಲಿ ಪ್ಲಾಟಿನ ಕಷ್ಟ ಹಾವಿಗೇ ಮುಗಿಯುವುದಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಎರಡು ಸಲ ಕಿರಾಣಿ ಅಂಗಡಿ ತೆರೆದರು, ಎರಡೂ ಸಲ ಮುಚ್ಚಿದರು. 31 ಮನೆಯ ಸಕ್ಕರೆ, ಚಹಾಪುಡಿಯಿಂದ ಅಂಗಡಿ ನಡೆಯುವುದು ಹೇಗೆ ಹೇಳು? ಹಾಲಿನವನು ಬೆಳಿಗ್ಗೆ ಒಮ್ಮೆ ಬರುತ್ತಾನೆ, ಸಂಜೆ ಬರುವುದಿಲ್ಲ. ಸಿಟಿ ಬಸ್ ಒಳಗೆ ಬರಲಿ ಎಂದು ಅರ್ಜಿ ಕೊಟ್ಟೆವು. ಅಷ್ಟು ಜನ ಇಲ್ಲ ಎಂದರು. ಅವರ ಲೆಕ್ಕವೂ ಸುಳ್ಳಲ್ಲ. ಅವ್ವ ಸೋಮವಾರಕ್ಕೊಮ್ಮೆ ಶರಣಬಸವೇಶ್ವರ ಗುಡಿಗೆ ಹೋಗುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಆ ಬಸ್ಸು ಹಿಡಿಯಲು ಮುಖ್ಯ ರಸ್ತೆವರೆಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಮೇ ತಿಂಗಳಲ್ಲಿ ನಮ್ಮ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಆ ರಸ್ತೆಯಲ್ಲಿ ನೆರಳಿಗೆ ಒಂದು ಮರ ಇಲ್ಲ. ಎಪ್ಪತ್ತೆರಡು ವರ್ಷದ ಅವ್ವ ಸೆರಗು ತಲೆಗೆ ಹೊದ್ದು ನಡೆದು ಹೋಗುವುದನ್ನು ನೋಡಿದರೆ ನನಗೆ ತಡೆಯುವುದಿಲ್ಲ. ನಾನು ಊರಲ್ಲಿದ್ದ ದಿನ ಗಾಡಿಯಲ್ಲಿ ಬಿಟ್ಟು ಬರುತ್ತೇನೆ. ಉಳಿದ ದಿನ?

ಬ್ರಹ್ಮಪುರದಲ್ಲಿ ಸಂಜೆ ನಾಲ್ಕಾದರೆ ಅವ್ವನ ಕಟ್ಟೆಯ ಮೇಲೆ ಐದಾರು ಜನ ಸೇರುತ್ತಿದ್ದರು. ಇಲ್ಲಿ ಮೊದಲ ವರ್ಷ ಅವಳು ವರಾಂಡದಲ್ಲಿ ಒಬ್ಬಳೇ ಕೂತು ಜಾಲಿ ಗಿಡ ನೋಡುತ್ತಿದ್ದಳು. "ಮನಿ ಛಲೋ ಅದ, ಮಂದಿ ಇಲ್ಲ" ಅಂದಳು ಒಂದು ದಿನ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಮಗರಪಟ್ಟಾ ನಿನ್ನ ಕಣ್ಣ ಮುಂದೆ ಇದೆ. ಅದು ಹೇಗೆ ಆಯಿತು ಎಂದು ನೆನಪು ಮಾಡಿಕೋ. ಅಲ್ಲಿ ನೂರಕ್ಕೂ ಹೆಚ್ಚು ರೈತ ಮನೆತನಗಳು ಸುಮಾರು 400 ಎಕರೆ ಒಟ್ಟುಗೂಡಿಸಿ ತಾವೇ ಕಂಪನಿ ಮಾಡಿಕೊಂಡರು, ಷೇರುದಾರರಾದರು. ಮನೆಯ ಜೊತೆಗೇ ಐಟಿ ಆಫೀಸು, ಶಾಲೆ, ಆಸ್ಪತ್ರೆ ಬಂದವು. ಕೆಲಸ ಅಲ್ಲೇ ಇದ್ದುದರಿಂದ ಜನ ಬಂದರು, ಜನ ಬಂದದ್ದರಿಂದ ಅಂಗಡಿ ನಿಂತವು. ನಮ್ಮಲ್ಲಿ ರೈತನಿಗೆ ಎಕರೆ ಲೆಕ್ಕದಲ್ಲಿ ಒಂದೇ ಸಲ ಹಣ ಕೊಟ್ಟು ಕಳಿಸಿದರು. ಡಾಂಬರು ಹಾಕಿದರು, ಕಮಾನು ಕಟ್ಟಿದರು, ಪ್ಲಾಟ್ ಮಾರಿದರು, ಹೋದರು. ನಿನ್ನ ಬ್ರೋಷರಿನಲ್ಲಿ ಶಾಲೆ ಕಟ್ಟುವವರು ಯಾರು, ಯಾವಾಗ ಎಂದು ಎಲ್ಲಾದರೂ ಬರೆದಿದೆಯಾ? ನಾನು ಹುಡುಕಿದೆ, ಸಿಗಲಿಲ್ಲ.

ಈಗ ಕಾಗದದ ವಿಷಯ. ಇದನ್ನು ನಿಧಾನವಾಗಿ ಓದು, ನಿನ್ನ ಹೆಂಡತಿಗೂ, ಅಂದರೆ ನಮ್ಮ ವೈನಿಗೂ ಓದಿಸು.

"ಎನ್‌ಎ ಆಗಿದೆ" ಎಂದಿದ್ದಾರೆ ಅಂತ ಬರೆದಿದ್ದೀಯ. ಎನ್‌ಎ ಅಂದರೆ ನಾನ್ ಅಗ್ರಿಕಲ್ಚರಲ್, 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಹೊಲವನ್ನು ಬೇರೆ ಉಪಯೋಗಕ್ಕೆ ಬದಲಿಸಿಕೊಂಡದ್ದು, ಅಷ್ಟೇ. ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಬೇರೆಯೇ ಬೇಕು. ಆ ಮಂಜೂರಾದ ನಕ್ಷೆಯ ಪ್ರತಿ ತರಿಸಿಕೋ. ಬ್ರೋಷರಿನ ನಕ್ಷೆಯ ಪಕ್ಕದಲ್ಲಿಟ್ಟು ಒಂದೊಂದು ಗೆರೆ ಹೋಲಿಸಿ ನೋಡು. ನಮಗೆ ಮಾರಿದವರು ಪಾರ್ಕ್ ಎಂದು ಹಸಿರು ಬಳಿದಿದ್ದ ಒಂದು ಜಾಗ ಮಂಜೂರಾದ ನಕ್ಷೆಯಲ್ಲಿ ಸಿಎ ಸೈಟ್, ಅಂದರೆ ನಾಗರಿಕ ಸೌಲಭ್ಯದ ಜಾಗ ಆಗಿತ್ತು. ಅಲ್ಲಿ ನಾಳೆ ಶಾಲೆಯೋ ಆಸ್ಪತ್ರೆಯೋ, ಅಂಥ ಯಾವುದಾದರೂ ಕಟ್ಟಡ ಏಳಬಹುದು. ಆ ಪಾರ್ಕ್ ಎದುರಿಗಿದೆ ಎಂದೇ ನಾನು ಚದರಡಿಗೆ ಜಾಸ್ತಿ ಕೊಟ್ಟಿದ್ದೆ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನಂಬರ್ ಕೇಳು. 500 ಚದರ ಮೀಟರಿಗಿಂತ ದೊಡ್ಡದಾದ ಲೇಔಟ್ ರೇರಾದಲ್ಲಿ ನೋಂದಣಿ ಆಗದೆ ಮಾರುವಂತಿಲ್ಲ, ಜಾಹೀರಾತು ಕೊಡುವಂತೆಯೂ ಇಲ್ಲ. ನಂಬರ್ ಇದ್ದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೀನೇ ನೋಡಬಹುದು. ಯಾವ ತಾರೀಖಿಗೆ ಮುಗಿಸುತ್ತೇವೆ ಎಂದು ಅವರು ಬರೆದುಕೊಟ್ಟಿರುತ್ತಾರೆ. ನೀನು ಕೊಟ್ಟ ಹಣದಲ್ಲಿ ನೂರಕ್ಕೆ 70 ರೂಪಾಯಿ ಬೇರೆ ಖಾತೆಯಲ್ಲಿಟ್ಟು ಆ ಜಾಗ ಮತ್ತು ಕೆಲಸಕ್ಕೇ ಖರ್ಚು ಮಾಡಬೇಕು ಎಂಬ ಕಾನೂನೂ ಇದೆ. "ನಮ್ಮದಕ್ಕೆ ರೇರಾ ಬೇಕಾಗಿಲ್ಲ" ಎಂದು ಯಾರಾದರೂ ಅಂದರೆ ಆ ಮಾತು ಅಲ್ಲಿಗೇ ನಿಲ್ಲಿಸು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ, ಅದು ಪುಣೆಯ ವಕೀಲರಿಗೆ ಹೊಳೆಯುವುದಿಲ್ಲ. ಇದು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನೆಲ. ಹಳೆ ಕಂದಾಯ ಕಾಗದ ಉರ್ದುವಿನಲ್ಲಿವೆ. ನಾನು ನಮ್ಮೂರಿನ ರೋಜಾ ಬಡಾವಣೆ ಕಡೆಯ ಹಿರಿಯರೊಬ್ಬರ ಹತ್ತಿರ ಎರಡು ಮಧ್ಯಾಹ್ನ ಕೂತು ಓದಿಸಿದೆ. ಅವರು ಒಂದು ರೂಪಾಯಿ ಮುಟ್ಟಲಿಲ್ಲ, ಚಹಾ ಕುಡಿಸಿ ಕಳಿಸಿದರು. ಆ ಹೊಲ ಹಿಂದಿನ ಅರಸರು ಕೊಟ್ಟ ಇನಾಂ ಭೂಮಿಯಾಗಿತ್ತಾ, ಸರ್ಕಾರ ಬಡವರಿಗೆ ಮಂಜೂರು ಮಾಡಿದ್ದಾ ಎಂದು ನೋಡಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟ ನಿಲ್ಲುವುದಿಲ್ಲ. ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಅದು ನ್ಯಾಯವೇ. ಆ ಮನೆತನಕ್ಕೆ ಸಿಗಬೇಕಾದ ನೆಲದ ಮೇಲೆ ನೀನು ಮನೆ ಕಟ್ಟಬಾರದು, ನನ್ನ ಮಾತು ಕೇಳು. ಪಹಣಿ, ಮ್ಯುಟೇಶನ್ (ಹೆಸರು ಬದಲಾದ ದಾಖಲೆ), ಇಸಿ (ಋಣಭಾರ ಪತ್ರ) ಎಲ್ಲ ಮೂವತ್ತು ವರ್ಷದ್ದು ತೆಗೆಸು. ಇ-ಖಾತೆ ಇಲ್ಲದೆ ಈಗ ರಿಜಿಸ್ಟರ್ ಆಗುವುದಿಲ್ಲ. ಬಾಂಡ್ ಪೇಪರ್ ಮೇಲೆ ಬರೆದುಕೊಡುತ್ತೇವೆ, ಆಮೇಲೆ ರಿಜಿಸ್ಟರ್ ಮಾಡೋಣ ಅಂದರೆ ಬೇಡ.

ಖರ್ಚಿನ ಲೆಕ್ಕದಲ್ಲಿ ಇದನ್ನೂ ಹಿಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿ ಸುಮಾರು ಶೇ 7.6. 30 ಲಕ್ಷದ ಪ್ಲಾಟಿಗೆ ಎರಡೂಕಾಲು ಲಕ್ಷದ ಮೇಲೆ ಇದೇ ಆಗುತ್ತದೆ.

ಇನ್ನು ಮಣ್ಣು. ನಿಮ್ಮ ಹೊಲ ಮಾಡಿದವನು ನೀನು, ಎರೆ ಮಣ್ಣಿನ ಗುಣ ನಿನಗೆ ಹೇಳಿಕೊಡಬೇಕಾ? ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ತೊಗರಿಗೆ ಬಂಗಾರ, ಗೋಡೆಗೆ ಶತ್ರು. ನಮ್ಮ ಮನೆಯ ಪಾಯ ಎಂಟು ಅಡಿ ಇಳಿಸಿ ಗಟ್ಟಿ ಪದರು ಸಿಕ್ಕ ಮೇಲೆಯೇ ಎಬ್ಬಿಸಿದೆವು. ಅಗೆದ ಕರಿ ಮಣ್ಣು ವಾಪಸ್ ಹಾಕದೆ ಮುರುಮು ತುಂಬಿ ಗಟ್ಟಿಯಾಗಿ ಕುಟ್ಟಿಸಿದೆವು. ಮೇಲೆ ಸುತ್ತಲೂ ಪ್ಲಿಂತ್ ಬೀಮ್. ಮನೆಗೆ ಇವತ್ತಿನವರೆಗೆ ಒಂದು ಬಿರುಕು ಇಲ್ಲ. ಆದರೆ ಕಾಂಪೌಂಡಿಗೆ ಯಾಕೆ ಅಷ್ಟು ಖರ್ಚು ಎಂದು ಎರಡೇ ಅಡಿ ಅಗೆಸಿದೆ. ಗೋಡೆ ಕಟ್ಟುವ ಗೌಂಡಿ ಬೇಡ ಬೇಡ ಅಂದ, ನಾನು ಕೇಳಲಿಲ್ಲ. ಎರಡನೇ ಮಳೆಗಾಲಕ್ಕೆ ಗೋಡೆ ವಾಲಿತು, ಮೂರನೆಯದಕ್ಕೆ ರಾತ್ರಿ ಬಿತ್ತು. ಹಗಲು ಬಿದ್ದಿದ್ದರೆ? ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಆದ್ದರಿಂದ ಪ್ಲಾಟಿನ ಬೆಲೆಯ ಜೊತೆ ಪಾಯದ ಖರ್ಚನ್ನೂ ಮೊದಲೇ ಕೇಳಿಕೋ. ನೆಲಕ್ಕೆ ಶಹಾಬಾದ್ ಫರಸಿ ಹಾಕಿಸು, ಬೇಸಿಗೆಯಲ್ಲಿ ಕಾಲಿಗೆ ತಂಪು. ವೈನಿ ಟೈಲ್ಸ್ ಅಂದರೆ ಒಂದು ಕೋಣೆಗಾದರೂ ಫರಸಿ ಇರಲಿ.

ನೀರು. ಊರಿಗೆ ಭೀಮಾ ಮತ್ತು ಬೆಣ್ಣೆತೊರೆಯ ನೀರು ಬರುತ್ತದೆ. ನಮ್ಮ ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲವಾದ್ದರಿಂದ ನಮಗೆ ಬೋರ್‌ವೆಲ್ಲೇ ಗತಿ. ಸವಳು ನೀರು, ಬೇಳೆ ಬೇಯುವುದಿಲ್ಲ. ಕುಡಿಯಲು ಕ್ಯಾನ್ ತರುತ್ತೇವೆ. ಒಳಚರಂಡಿ ಇದೆ ಎಂದು ತೋರಿಸಿದರೆ ಆ ಪೈಪು ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕಾಲಲ್ಲಿ ನಡೆದು ನೋಡು. ನಮ್ಮದು ಹಿಂದಿನ ಹಳ್ಳದ ದಂಡೆಯ ಗುಂಡಿಗೆ ಹೋಗಿ ನಿಂತಿದೆ.

ಇಷ್ಟೆಲ್ಲ ಓದಿ, ಇವನು ಬೇಡ ಅನ್ನುತ್ತಿದ್ದಾನೆ ಅಂದುಕೊಂಡೆಯಾ? ಇಲ್ಲ ದೋಸ್ತಾ. ನನಗೆ ಈ ಜಾಗದ ಮೇಲೆ ಜೀವ. ಸಂಜೆ ಗಾಳಿ ಶುರುವಾದರೆ ಒಳಗೆ ಕೂರಲು ಮನಸ್ಸಾಗುವುದಿಲ್ಲ. ಮಕ್ಕಳು ರಸ್ತೆಯಲ್ಲೇ ಸೈಕಲ್ ಕಲಿತರು. ನಾವು ಮೂವತ್ತೊಂದು ಮನೆಯವರು ಸೇರಿ ಎಂಬತ್ತು ಬೇವಿನ ಸಸಿ ನೆಟ್ಟೆವು, ಐವತ್ತಾರು ಉಳಿದಿವೆ. ಬೇಸಿಗೆಯಲ್ಲಿ ಪಾಳಿ ಹಚ್ಚಿಕೊಂಡು ಕೊಡ ಹೊತ್ತು ನೀರು ಹಾಕುತ್ತೇವೆ. ಈ ನೆಲ ಮಾರಿದ ಕಾಕಾಗೆ ಪಕ್ಕದಲ್ಲೇ ಇನ್ನೂ ನಾಲ್ಕು ಎಕರೆ ಉಳಿದಿದೆ. ಎಳ್ಳಮಾವಾಸ್ಯೆಗೆ ಅವರು ನಮ್ಮನ್ನೆಲ್ಲ ಹೊಲಕ್ಕೆ ಕರೆಯುತ್ತಾರೆ. ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಣ್ಣುತ್ತೇವೆ. ಅವ್ವ ಆ ಹೊಲದಲ್ಲೇ ಇಬ್ಬರು ಗೆಳತಿಯರನ್ನು ಮಾಡಿಕೊಂಡಳು. ಈಗ ನಾಲ್ಕು ಗಂಟೆಗೆ ಅವರು ನಮ್ಮ ವರಾಂಡಕ್ಕೆ ಬರುತ್ತಾರೆ.

ಅದಕ್ಕೇ ಒಂದನ್ನೇ ಕೇಳುತ್ತೇನೆ. ನೀನು ಬಂದು ಇರುತ್ತೀಯಾ? ಐದು ವರ್ಷದೊಳಗೆ ಮನೆ ಕಟ್ಟಿ, ವೈನಿ, ಮಕ್ಕಳ ಜೊತೆ ಬರುತ್ತೀಯಾದರೆ ತಗೋ. ಬ್ರೋಷರಿನದ್ದು ಬೇಡ, ನಮ್ಮಲ್ಲೇ ತಗೋ. ನನ್ನ ಮನೆಯ ಪೂರ್ವಕ್ಕಿರುವ 30x40 ಪ್ಲಾಟಿನವರು ಮಾರುತ್ತಾರಂತೆ. ಅದರ ಕಾಗದ ನನ್ನದರ ಜೊತೆಯದ್ದೇ, ಉರ್ದು ಕಾಗದ ಸಮೇತ ಓದಿಸಿದ್ದೇನೆ. ಆದರೂ ನೀನು ಬೇರೆ ವಕೀಲರಿಗೆ ತೋರಿಸು. ಸುಮ್ನೆ ಹಣ ಇಟ್ಟು ಹತ್ತು ವರ್ಷ ಬಿಡುವುದಾದರೆ ದಯವಿಟ್ಟು ಬೇಡ. ನಿನ್ನ ಫಲಕದ ಹಿಂದೆ ಜಾಲಿ ಬೆಳೆಯುವುದನ್ನು ನೋಡಲು ನನಗೆ ಆಗುವುದಿಲ್ಲ.

ದೀಪಾವಳಿಗೆ ಬಂದಾಗ ಎರಡು ದಿನ ನಮ್ಮ ಮನೆಯಲ್ಲೇ ಇರು. ಮಧ್ಯಾಹ್ನ ಎರಡಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಇಡೀ ಲೇಔಟ್ ಸುತ್ತೋಣ. ಗೌಂಡಿಗೂ ಹೇಳಿಟ್ಟಿದ್ದೇನೆ, ಪ್ಲಾಟಿನಲ್ಲಿ ಒಂದು ಗುಂಡಿ ತೆಗೆದು ಎಷ್ಟು ಆಳಕ್ಕೆ ಗಟ್ಟಿ ನೆಲ ಇದೆ ಎಂದು ತೋರಿಸುತ್ತಾನೆ. ಬರುವ ದಿನ ಸ್ಟೇಷನ್ನಿನಿಂದ ಫೋನ್ ಮಾಡು, ನಾನು ಬಂದು ಕರೆದುಕೊಂಡು ಬರುತ್ತೇನೆ. ಆಟೋದವರು ಇಷ್ಟು ಒಳಗೆ ಬರುವುದಿಲ್ಲ.

ನಿನ್ನ,
ಗೆಳೆಯ