ಗೋಕುಲ ನಿರ್ಗಮನ ಮತ್ತೆ ರಂಗಕ್ಕೆ ಬರುವುದಾದರೆ

ಆತ್ಮೀಯ ಓದುಗರೇ,

ಮೈಸೂರಿನಲ್ಲಿ ನಾಲ್ಕು ಮಂದಿ ರಂಗಾಸಕ್ತರು ಒಂದೆಡೆ ಸೇರಿದರೆ ಹಳೆಯ ನಾಟಕಗಳ ಮರುಪ್ರಯೋಗದ ಮಾತು ಬಾರದೆ ಇರುವುದಿಲ್ಲ. ಈ ಸಲ ಊರಿಗೆ ಹೋಗಿದ್ದಾಗ ಕಲಾಮಂದಿರದ ಆವರಣದಲ್ಲಿ, ನಾಟಕ ಆರಂಭವಾಗುವುದನ್ನು ಕಾಯುತ್ತ ನಿಂತಿದ್ದವರ ನಡುವೆ ನಾನು ಕೇಳಿದ್ದೂ ಅದೇ ಚರ್ಚೆ. ಪು.ತಿ. ನರಸಿಂಹಾಚಾರ್ ಅವರ 'ಗೋಕುಲ ನಿರ್ಗಮನ'ವನ್ನು, ನಿರ್ದೇಶಕ ಬಿ.ವಿ. ಕಾರಂತರು ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಕಲಾವಿದರಿಂದ ಆಡಿಸಿದ ಆ ಗೀತನಾಟಕವನ್ನು, ಇನ್ನೊಮ್ಮೆ ಕಟ್ಟುವುದಾದರೆ ಹೇಗೆ ಕಟ್ಟಬೇಕು ಎಂಬ ವಿಷಯದಲ್ಲಿ ಅಲ್ಲಿದ್ದ ಹಿರಿಯರಿಗೂ ಕಿರಿಯರಿಗೂ ಬಲವಾದ ಭಿನ್ನಾಭಿಪ್ರಾಯವಿತ್ತು. ನಮ್ಮ ಕನ್ನಡ ಕೂಟದ ನಾಟಕ ತಂಡವೂ ಮುಂದಿನ ವರ್ಷ ಏನನ್ನು ಆಡಬೇಕೆಂದು ಯೋಚಿಸುತ್ತಿರುವ ಸಮಯವಾದ್ದರಿಂದ, ಆ ಚರ್ಚೆಯನ್ನೂ ನನ್ನ ಅಭಿಪ್ರಾಯವನ್ನೂ ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಈ ಕೃತಿಗೂ ಮೈಸೂರು-ಮಂಡ್ಯ ಸೀಮೆಗೂ ಇರುವ ನಂಟು ಹಳೆಯದು. ಪು.ತಿ.ನ. ಅವರು 1905ರಲ್ಲಿ ಹುಟ್ಟಿದ್ದು ಮೇಲುಕೋಟೆಯಲ್ಲಿ; ಚೆಲುವನಾರಾಯಣನ ಸನ್ನಿಧಿಯ ಪೂಜೆ, ಉತ್ಸವ, ವಾದ್ಯಗಳ ನಡುವೆ ಬೆಳೆದ ಅವರಿಗೆ ಕಾವ್ಯ ಮತ್ತು ಸಂಗೀತಗಳು ಬೇರೆ ಬೇರೆಯಾಗಿ ಕಂಡಿರಲೇ ಇಲ್ಲ. ಸಂಗೀತವನ್ನು ಬಲ್ಲ ಕವಿಯಾಗಿದ್ದ ಅವರು ಹೊಸ ರಾಗಗಳನ್ನೂ ಕಟ್ಟಿದರು, ಹಾಡಿಕೊಂಡೇ ನಡೆಯಬೇಕಾದ ರೂಪಕಗಳನ್ನು ಒಂದರ ಹಿಂದೊಂದು ಬರೆದರು. 'ಹಂಸ ದಮಯಂತಿ ಮತ್ತು ಇತರ ರೂಪಕಗಳು' ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 'ಗೋಕುಲ ನಿರ್ಗಮನ'ದ ಕಥೆಯನ್ನು ಒಂದು ಮಾತಿನಲ್ಲಿ ಹೇಳಿಬಿಡಬಹುದು: ಅಕ್ರೂರನು ಬಂದು ಕರೆದಾಗ ಕೃಷ್ಣನು ಗೋಕುಲವನ್ನೂ ಕೊಳಲನ್ನೂ ಬಿಟ್ಟು ಮಥುರೆಗೆ ಹೊರಡುತ್ತಾನೆ. ಈ ಕೃತಿಯಲ್ಲಿ ಹಾಡು ಮಾತಿನ ನಡುವೆ ಬಂದು ಹೋಗುವ ಅಲಂಕಾರವಲ್ಲ. ಗೋಪಿಯರ ಕಾತರ, ರಾಧೆಯ ಸಂಕಟ, ಹೊರಟವನ ದ್ವಂದ್ವ ಎಲ್ಲವೂ ಹಾಡಿನಲ್ಲೇ ನಡೆಯುತ್ತವೆ. ಹಾಡು ಸೋತರೆ ಕಥೆ ಮುಂದೆ ಸಾಗುವುದಿಲ್ಲ.

ಅಂಥ ಕೃತಿ ಕಾರಂತರ ಕೈಗೆ ಸಿಕ್ಕಿದ್ದು ನಮ್ಮ ರಂಗಭೂಮಿಯ ಭಾಗ್ಯ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನೂ ಭೋಪಾಲದ ರಂಗಮಂಡಲವನ್ನೂ ನಡೆಸಿ, 1989ರಲ್ಲಿ ಮೈಸೂರಿಗೆ ಬಂದು ರಂಗಾಯಣವನ್ನು ಕಟ್ಟಿದ ಅವರಿಗೆ, ನಟನ ಕಂಠವೇ ಮೊದಲ ವಾದ್ಯವಾಗಿತ್ತು. ಸುಶ್ರಾವ್ಯವಾಗಿ ಹಾಡಬಲ್ಲವರನ್ನಷ್ಟೇ ಆರಿಸಿಕೊಳ್ಳದೆ, ಒರಟು ದನಿಯನ್ನೂ ಒಡೆದ ದನಿಯನ್ನೂ ಮೇಳದೊಳಗೆ ಸೇರಿಸಿಕೊಂಡು, ಕೋಲು, ಕಲ್ಲು, ಬಿದಿರುಗಳಿಂದಲೂ ನಾದ ಹೊರಡಿಸುತ್ತಿದ್ದ ಅವರ ರಂಗಸಂಗೀತವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಹಿರಿಯರ ವಾದ ಹೀಗಿತ್ತು: ಆ ಪ್ರಯೋಗ ಆ ಕಲಾವಿದರದು, ವರ್ಷಗಟ್ಟಲೆ ಒಟ್ಟಿಗೆ ತಾಲೀಮು ಮಾಡಿದ ಆ ತಂಡದವರು ಈಗ ನಿವೃತ್ತರಾಗಿದ್ದಾರೆ, ಅವರಿಲ್ಲದೆ ಆಡಿದರೆ ಅದು ಬೇರೆಯ ನಾಟಕವೇ ಆಗುತ್ತದೆ. ಕಿರಿಯರದು ಇದಕ್ಕೆ ವಿರುದ್ಧವಾದ ಮಾತು. ಹಳೆಯ ಪ್ರಯೋಗದ ಚಿತ್ರೀಕರಣಗಳನ್ನು ಮುಂದಿಟ್ಟುಕೊಂಡು, ಹೆಜ್ಜೆಗೆ ಹೆಜ್ಜೆ, ಮಟ್ಟಿಗೆ ಮಟ್ಟು ಕಲಿತು, ಇದ್ದದ್ದನ್ನು ಇದ್ದಂತೆಯೇ ಹೊಸ ಪ್ರೇಕ್ಷಕರಿಗೆ ತೋರಿಸಬೇಕು ಎಂಬುದು ಅವರ ಆಸೆ. ಆ ಗೌರವವನ್ನು ನಾನು ಮೆಚ್ಚುತ್ತೇನೆ. ಆದರೆ ಆ ದಾರಿಯನ್ನು ಒಪ್ಪಲಾರೆ. ಚಿತ್ರೀಕರಣವು ನಟ ಎಲ್ಲಿ ನಿಂತ, ಯಾವಾಗ ತಿರುಗಿದ ಎಂಬುದನ್ನು ತೋರಿಸಬಹುದು; ಆ ತಿರುವು ತಾಲೀಮಿನಲ್ಲಿ ಹೇಗೆ ಹುಟ್ಟಿತು ಎಂಬುದನ್ನು ಅದು ಹೇಳುವುದಿಲ್ಲ. ಒಬ್ಬರ ಮೈಗೆ ಸಹಜವಾಗಿದ್ದ ಚಲನೆ ಇನ್ನೊಬ್ಬರ ಮೈಯಲ್ಲಿ ಕಂಠಪಾಠವಾಗುತ್ತದೆ. ಹಿರಿಯರ ಮಾತಿನಲ್ಲಿಯೂ ಒಂದು ತೊಡಕಿದೆ: ಮೊದಲ ತಂಡದವರಿಗಷ್ಟೇ ಸಲ್ಲುವ ನಾಟಕವೆಂದರೆ ಕವಿ ಬರೆದ ಪುಸ್ತಕವನ್ನು ಮುಚ್ಚಿಟ್ಟಂತೆಯೇ ಸರಿ.

ಇಬ್ಬರೂ ಅಷ್ಟಾಗಿ ಗಮನಿಸದೆ ಬಿಟ್ಟ ಪ್ರಶ್ನೆಯೊಂದಿತ್ತು, ನನಗೆ ಮುಖ್ಯವೆನಿಸಿದ್ದೂ ಅದೇ: ಹಾಡನ್ನು ಹಾಡುವವರು ಯಾರು? ಈಚಿನ ವರ್ಷಗಳಲ್ಲಿ ಎಷ್ಟೋ ತಂಡಗಳು ಸ್ಟುಡಿಯೋದಲ್ಲಿ ಮೊದಲೇ ಮುದ್ರಿಸಿದ ಟ್ರ್ಯಾಕ್ ಹಾಕಿ, ಪಾತ್ರಧಾರಿಗಳಿಂದ ತುಟಿಯನ್ನಷ್ಟೇ ಆಡಿಸುತ್ತವೆ. ಖರ್ಚು ಕಡಿಮೆ, ಅಪಸ್ವರದ ಭಯವಿಲ್ಲ, ಪ್ರಯಾಣಕ್ಕೂ ಸುಲಭ; ಇವೆಲ್ಲ ನಿಜವಾದ ಕಾರಣಗಳೇ. ಆದರೆ ಗೀತನಾಟಕದಲ್ಲಿ ಹಾಡೇ ಸಂಭಾಷಣೆಯಾಗಿರುವುದರಿಂದ, ಟ್ರ್ಯಾಕ್ ಹಾಕಿದ ಕ್ಷಣ ನಟನ ಕೈಯಿಂದ ಅವನ ಮಾತೇ ಜಾರಿಹೋಗುತ್ತದೆ. ಪ್ರೇಕ್ಷಾಗೃಹ ಮೌನವಾದಾಗ ಇನ್ನೊಂದು ಉಸಿರು ತಡೆದು ನಿಲ್ಲುವ ಸ್ವಾತಂತ್ರ್ಯ ಅವನಿಗೆ ಇರುವುದಿಲ್ಲ. ಒಂದು ಸಾಲನ್ನು ಮತ್ತೆ ಎತ್ತಿಕೊಳ್ಳಬೇಕೆನಿಸಿದರೆ ಎತ್ತಿಕೊಳ್ಳುವಂತಿಲ್ಲ. ಹಾರ್ಮೋನಿಯಂ ನುಡಿಸುವವರು ರಂಗದ ಪಕ್ಕದಲ್ಲಿ ಕುಳಿತು ನಟಿಯ ಮುಖ ನೋಡುತ್ತಲೇ ಸ್ವರವನ್ನು ಹಿಡಿದು ನಿಲ್ಲಿಸುತ್ತಾರೆ, ಅವಳು ಹೆಜ್ಜೆ ತೆಗೆದ ಮೇಲೆಯೇ ತಬಲಾ ಮುಂದೆ ಸಾಗುತ್ತದೆ. ಈ ಕೊಡುಕೊಳ್ಳುವಿಕೆಯನ್ನು ಯಾವ ಮುದ್ರಣವೂ ಕೊಡಲಾರದು.

ಶ್ರುತಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿಯ ಎತ್ತರವನ್ನು ಹೇಳುವುದಾದರೆ, ಹೆಂಗಸರಿಗೆ ಐದೂವರೆ ಮನೆ ಹಿತವಾದರೆ ಗಂಡಸರಿಗೆ ಒಂದೂವರೆ ಮನೆಯ ಆಸುಪಾಸು ಹೊಂದುತ್ತದೆ. ಕೃಷ್ಣನೂ ಗೋಪಿಯರೂ ಒಟ್ಟಿಗೆ ಹಾಡುವ ದೃಶ್ಯದಲ್ಲಿ ಯಾರಾದರೊಬ್ಬರು ತಗ್ಗಬೇಕು, ಇನ್ನೊಬ್ಬರು ಏರಬೇಕು. ಆಯಾ ತಂಡದ ಕಂಠಗಳನ್ನು ನೋಡಿಕೊಂಡು ಸಂಗೀತ ನಿರ್ದೇಶಕರು ತಾಲೀಮಿನಲ್ಲಿಯೇ ಇದನ್ನು ಹೊಂದಿಸಿಕೊಳ್ಳುತ್ತಾರೆ. ಹಳೆಯ ಮುದ್ರಣವನ್ನೇ ಹಿಡಿದರೆ ಯಾರದೋ ಕಂಠಕ್ಕೆ ಹೊಂದಿಸಿದ ಶ್ರುತಿಯಲ್ಲಿ ಹೊಸಬರು ಹೆಣಗಬೇಕಾಗುತ್ತದೆ. ಕೊನೆಗೆ ಹಾಡುವುದನ್ನೇ ಬಿಡುತ್ತಾರೆ.

ಮೈಸೂರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಚಾಮರಾಜೇಂದ್ರ ಒಡೆಯರ ಕಾಲದ ಅರಮನೆಯ ನಾಟಕ ಮಂಡಳಿಗಾಗಿ ಬಸವಪ್ಪ ಶಾಸ್ತ್ರಿಗಳು 'ಶಾಕುಂತಲ'ವನ್ನು ಕನ್ನಡಕ್ಕೆ ತಂದಂದಿನಿಂದ, ಎ.ವಿ. ವರದಾಚಾರ್ಯರಂಥ ನಟರ ಕಾಲವನ್ನು ದಾಟಿ, ಹಾಡಬಲ್ಲವನೇ ನಟ ಎಂಬ ನಂಬಿಕೆ ಇಲ್ಲಿ ಬಹುಕಾಲ ಉಳಿದಿತ್ತು.

ಆ ನಂಬಿಕೆ ಈಗಲೂ ಜೀವಂತವಾಗಿರುವುದು ಮಂಡ್ಯದ ಹಳ್ಳಿಗಳಲ್ಲಿ. ಜಾತ್ರೆಯೋ ಹಬ್ಬವೋ ಬಂದರೆ ಊರಿನವರೇ ಸೇರಿ 'ಕುರುಕ್ಷೇತ್ರ'ವನ್ನು ಆಡುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಹಣ ಕೊಟ್ಟು ಪಾತ್ರ ಹಿಡಿಯುವವರೂ ಆ ಊರಿನವರೇ. ದುರ್ಯೋಧನನ ಪಾತ್ರಕ್ಕೂ ಕೃಷ್ಣನ ಪಾತ್ರಕ್ಕೂ ಪೈಪೋಟಿ ಇರುತ್ತದೆ. ಹಗಲು ಗದ್ದೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತು, ತಿಂಗಳುಗಟ್ಟಲೆ ಕಂದಪದ್ಯಗಳನ್ನೂ ಮಟ್ಟುಗಳನ್ನೂ ಕಲಿಯುತ್ತಾರೆ. ಬಾಡಿಗೆಗೆ ತಂದ ಸೀನರಿಯ ಮುಂದೆ, ತೂಗುಹಾಕಿದ ಮೈಕಿನ ಕೆಳಗೆ, ಬೆಳಗಿನ ಜಾವದವರೆಗೆ ಸ್ವಂತ ಕಂಠದಲ್ಲಿ ಹಾಡುತ್ತಾರೆ. ಅಲ್ಲಿ ಟ್ರ್ಯಾಕ್ ಹಾಕಿದರೆ ಜನ ಒಪ್ಪುವುದಿಲ್ಲ, ಏಕೆಂದರೆ ಅವರು ಬರುವುದೇ ತಮ್ಮ ಮನೆಯವನು ಹೇಗೆ ಹಾಡುತ್ತಾನೆಂದು ಕೇಳಲು. ಆಧುನಿಕ ರಂಗಭೂಮಿಯ ನಮ್ಮಂಥ ಅಭಿಮಾನಿಗಳು ಈ ನಾಟಕಗಳನ್ನು ಬಹಳ ಕಾಲ ಕಡೆಗಣಿಸಿದ್ದೇವೆ. ಅವುಗಳ ಅಭಿನಯ ಶೈಲಿಯನ್ನು 'ಗೋಕುಲ ನಿರ್ಗಮನ'ಕ್ಕೆ ತರಬೇಕೆಂದು ನಾನು ಹೇಳುತ್ತಿಲ್ಲ, ಪು.ತಿ.ನ. ಅವರ ಸೂಕ್ಷ್ಮ ಭಾಷೆಗೆ ಬೇರೆಯದೇ ನಯ ಬೇಕು. ಆದರೆ ಹಾಡು ಬಾರದ ಸಾಮಾನ್ಯ ಮನುಷ್ಯನ ಕಂಠದಿಂದ ಹಾಡನ್ನು ಹೊರಡಿಸುವ ಕಲೆ ಆ ಮೇಷ್ಟರುಗಳಿಗೆ ಗೊತ್ತು. ಕಾರಂತರು ಬಾಲ್ಯದಲ್ಲಿ ಕಂಪನಿಯಲ್ಲಿ ಕಂಡದ್ದೂ ಇದೇ ಪರಂಪರೆಯ ಸಂಗೀತವನ್ನು. ಹೊಸ ತಂಡದ ತಾಲೀಮಿಗೆ ಮಂಡ್ಯ ಸೀಮೆಯ ಮೇಷ್ಟರೊಬ್ಬರನ್ನು ಕರೆಸಿದರೆ, ಮೇಲುಕೋಟೆಯ ಕವಿಯ ಕೃತಿಗೆ ಅವರ ನೆಲದವರದೇ ನೆರವು ದೊರೆತಂತಾಗುತ್ತದೆ.

ಉಳಿದ ವಿಷಯಗಳಲ್ಲಿ ನನಗೆ ಹಟವಿಲ್ಲ. ವೇಷಭೂಷಣ ಬದಲಾಗಲಿ, ಕೆಲವು ಹಾಡುಗಳು ಮೊಟಕಾಗಲಿ, ಮಟ್ಟುಗಳೂ ಬೇಕಾದರೆ ಹೊಸದಾಗಲಿ. ಸ್ಥಳದ ಬಗ್ಗೆ ಮಾತ್ರ ಒಂದು ಕೋರಿಕೆ: ಕಲಾಮಂದಿರದ ದೊಡ್ಡ ಸಭಾಂಗಣಕ್ಕಿಂತ ರಂಗಾಯಣದ ಭೂಮಿಗೀತದಲ್ಲಿ ಆಡುವುದು ಮೇಲು. ಸಣ್ಣ ರಂಗಮಂದಿರದಲ್ಲಿ ನಟನ ಉಸಿರೂ ಪ್ರೇಕ್ಷಕನಿಗೆ ಕೇಳುತ್ತದೆ. ಕೆನ್ನೆಗೆ ಅಂಟಿಸಿದ ಮೈಕು ಇಲ್ಲದೆಯೂ ಸಾಹಿತ್ಯದ ಒಂದೊಂದು ಅಕ್ಷರ ತಲುಪುತ್ತದೆ.

ಇನ್ನು ನಮ್ಮ ಕೂಟದ ವಿಷಯ. ರಾಜ್ಯೋತ್ಸವದಲ್ಲಿ ನಾವು ಆಡಿದ ರೂಪಕಗಳೆಲ್ಲ ಟ್ರ್ಯಾಕಿನ ಮೇಲೆಯೇ ನಡೆದಿವೆ. ಸಮಯದ ಅಭಾವವನ್ನು ನಾನು ಬಲ್ಲೆ. ಕಚೇರಿ ಮುಗಿಸಿ, ದೂರದಿಂದ ಕಾರು ಓಡಿಸಿಕೊಂಡು ಬಂದು ತಾಲೀಮು ಮಾಡುವವರ ಶ್ರಮಕ್ಕೆ ನನ್ನ ನಮಸ್ಕಾರ. ಆದರೂ ವಾರಾಂತ್ಯದ ತರಗತಿಗಳಲ್ಲಿ ಸಂಗೀತ ಕಲಿಯುತ್ತಿರುವ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ವರ್ಣ, ಕೃತಿಗಳನ್ನು ಹಾಡುವ ಆ ಮಕ್ಕಳು ರಂಗಕ್ಕೆ ಬಂದೊಡನೆ ಬೇರೆ ಯಾರದೋ ದನಿಗೆ ಬಾಯಿ ಆಡಿಸುವುದನ್ನು ನೋಡಲು ನನಗೆ ನೋವಾಗುತ್ತದೆ. ಇಡೀ 'ಗೋಕುಲ ನಿರ್ಗಮನ' ನಮ್ಮ ಶಕ್ತಿಗೆ ಮೀರಿದ್ದು. ಅಕ್ರೂರನು ಬಂದ ಮೇಲಿನ ಭಾಗವನ್ನಷ್ಟೇ ಆರಿಸಿಕೊಂಡು, ಸಂಬಂಧಪಟ್ಟವರ ಅನುಮತಿ ಪಡೆದು, ಹಾಡುಗಳನ್ನು ನಾವೇ ಹಾಡಿ ಆಡಬಹುದೆಂದು ಸಾಂಸ್ಕೃತಿಕ ಸಮಿತಿಯ ಮುಂದೆ ಪ್ರಸ್ತಾಪವಿಟ್ಟಿದ್ದೇನೆ. ಹಾರ್ಮೋನಿಯಂ, ಕೊಳಲು, ತಬಲಾ ಅಥವಾ ಮೃದಂಗ ನುಡಿಸಬಲ್ಲ ಸದಸ್ಯರು, ಹಾಡಲು ಇಷ್ಟವಿದ್ದೂ ದನಿ ಚೆನ್ನಾಗಿಲ್ಲವೆಂದು ಹಿಂಜರಿಯುತ್ತಿರುವವರು, ರಂಗಾಯಣದ ಪ್ರಯೋಗವನ್ನು ನೋಡಿ ಹಾಡುಗಳನ್ನು ನೆನಪಿಟ್ಟುಕೊಂಡಿರುವವರು ದಯವಿಟ್ಟು ಮುಂದಿನ ಮಾಸಿಕ ಸಭೆಗೆ ಬನ್ನಿ. ಹಾರ್ಮೋನಿಯಂ ಇರುವವರು ಅದನ್ನೂ ತನ್ನಿ, ಅಂದೇ ಎಲ್ಲರ ಶ್ರುತಿಯನ್ನು ಗೊತ್ತುಮಾಡಿಕೊಳ್ಳೋಣ.

– ಸಂಪಾದಕ